‘ನೀವು’ ಅಂದರೆ ಇಬ್ಬರು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಡಾಕ್ಟರ್. ಮಾತ್ರೆ ಬರೆದುಕೊಡುವ ಡಾಕ್ಟರ್ ಅಲ್ಲ. ಆಟಿಸಂ ಇರುವವರ ಜೊಲ್ಲಿನಿಂದ ಜೀನುಗಳನ್ನು ಓದಿ, ಸ್ಕ್ಯಾನರಿನಲ್ಲಿ ಅವರ ಮಿದುಳು ನೋಡಿ, ಯಾವ ಎಳೆ ಎಲ್ಲಿಗೆ ಸೇರಿದೆ ಎಂದು ಹುಡುಕುವ ಡಾಕ್ಟರ್. ಮನೆಯಲ್ಲಿ ಮಾತ್ರ ಅವಳು ಪುಟ್ಟಿ. ತಲೆ ಅರ್ಧ ನರೆತ ಮೇಲೆ ಅಮ್ಮನೂ ಹಾಗೆ ಕರೆಯುವುದು ಬಿಟ್ಟಿದ್ದಳು, ಕರೆಯುವವನು ಒಬ್ಬನೇ ಉಳಿದಿದ್ದ, ಅವಳ ಅಣ್ಣ. ಅವನಿಗೂ ಆಟಿಸಂ ಇತ್ತು.

ಈ ಅಣ್ಣನ ಸುದ್ದಿಯನ್ನು ಅವಳು ಪ್ರಯೋಗಾಲಯದ ಹೊಸ್ತಿಲು ದಾಟಿಸಿದವಳಲ್ಲ. ಮನೆಯ ಸಂಕಟವನ್ನೇ ವಿಜ್ಞಾನ ಅಂತ ಮಾಡಿಕೊಂಡಿದ್ದಾಳೆ ಎಂದು ನಾಲ್ಕು ಜನ ಆಡಿಕೊಂಡಾರು ಎನ್ನುವುದು ಅವಳು ತನಗೇ ಹೇಳಿಕೊಂಡ ನೆಪ. ನಿಜವಾದ ಕಾರಣ ಅದಕ್ಕಿಂತ ಸಣ್ಣದು. ಚಿಕ್ಕವಳಿದ್ದಾಗ ಶಾಲೆಯ ಗೇಟಿನಲ್ಲಿ ಅಣ್ಣ ಕೈ ಬಡಿಯುತ್ತ ಕಾಯುತ್ತಿದ್ದರೆ, ಅವಳು ಗೆಳತಿಯರ ಜೊತೆ ಹಿಂದಿನ ಗೇಟಿನಿಂದ ಹೊರಟುಬಿಡುತ್ತಿದ್ದಳು. ಆ ನಾಚಿಕೆಗೆ ಇಷ್ಟು ಪದವಿಗಳಲ್ಲಿ ಒಂದೂ ಬುದ್ಧಿ ಹೇಳಿರಲಿಲ್ಲ.

ಹಾಗಂತ ಅಣ್ಣನನ್ನು ಮರೆತು ಕೆಲಸ ಮಾಡುತ್ತಿದ್ದಳು ಅನ್ನುವ ಹಾಗೂ ಇಲ್ಲ. ತನ್ನ ಜೊಲ್ಲನ್ನೂ ಅವನದನ್ನೂ ಬರೀ ಸಂಖ್ಯೆ ಹಚ್ಚಿ ಪರೀಕ್ಷೆಗೆ ಕಳಿಸಿದ್ದಳು. ಒಂದು ಜೀನಿನ ಬರಹದಲ್ಲಿ ಅದೇ ಒಂದು ಅಕ್ಷರ ಇಬ್ಬರಲ್ಲೂ ಬದಲಾಗಿತ್ತು. ಒಂದೇ ಬದಲಾವಣೆ ಹೊತ್ತ ಒಡಹುಟ್ಟಿದವರಲ್ಲಿ ಒಬ್ಬರು ಹೀಗೆ, ಒಬ್ಬರು ಹಾಗೆ ಯಾಕೆ ಎಂದು ಸಭೆಗಳಲ್ಲಿ ಅವಳು ಗಂಭೀರವಾಗಿ ಕೇಳುತ್ತಿದ್ದಳು. ಕೇಳುತ್ತಿದ್ದದ್ದು ತನ್ನ ಬಗ್ಗೆಯೇ ಎಂದು ಯಾರಿಗೂ ಗೊತ್ತಿರಲಿಲ್ಲ.

ಈ ಸಲದ ಅಧ್ಯಯನಕ್ಕೆ ದೊಡ್ಡ ವಯಸ್ಸಿನವರು ಬೇಕಿತ್ತು, ಅದೂ ಅಲ್ಲಾಡದೆ ಮಲಗುವವರು. ಸ್ಕ್ಯಾನರಿನೊಳಗೆ ತಲೆ ಒಂಚೂರು ಕದಲಿದರೂ ಚಿತ್ರ ಮಸುಕು. ಬಂದವರಲ್ಲಿ ಅರ್ಧ ಜನ ಅದರ ಸದ್ದಿಗೇ ಗಾಬರಿಯಾಗಿ ಎದ್ದು ಹೋಗಿದ್ದರು. ಅಣ್ಣನೋ, ವಾಷಿಂಗ್ ಮಷಿನ್ ತಿರುಗಿ ನಿಲ್ಲುವವರೆಗೂ ಅದರ ಪಕ್ಕ ಚಾಪೆ ಹಾಕಿಕೊಂಡು ಕಿವಿಗೊಟ್ಟು ಮಲಗುವ ಆಸಾಮಿ. ಸ್ಕ್ಯಾನರಿನ ಸದ್ದನ್ನು ಫೋನಿನಲ್ಲಿ ಕೇಳಿಸಿದಾಗ ಅವನ ಮುಖ ಅರಳಿತು. ಬರ್ತೀನಿ ಅಂದ, ಸಹಿ ಹಾಕಿದ. ಪ್ರಯೋಗಾಲಯದಲ್ಲಿ ಎಲ್ಲರೂ ಬರೀ ಸಂಖ್ಯೆ, ಇವನೂ ಅದರಲ್ಲಿ ಸೇರಿ ಹೋಗುತ್ತಾನೆ ಎಂದುಕೊಂಡಳು. ತನ್ನ ಗುರುತು ಹೇಳಬೇಡ ಎಂದು ಅವನಿಗೆ ಹೇಳಲಿಲ್ಲ. ಹೇಳಿಕೊಟ್ಟ ಸುಳ್ಳು ಅವನ ಬಾಯಲ್ಲಿ ನಿಲ್ಲುವಂಥದಲ್ಲ.

ಸ್ಕ್ಯಾನಿಗೆ ಮೊದಲು ಮಾತುಕತೆಯ ಪರೀಕ್ಷೆ. ಸಣ್ಣ ಕೋಣೆ, ಮೂರು ಕುರ್ಚಿ, ಗೋಡೆಯಲ್ಲೊಂದು ಕ್ಯಾಮೆರಾ. ಮೂಲೆಯ ಕುರ್ಚಿಯಲ್ಲಿ ಡಾಕ್ಟರ್ ನೋಡುತ್ತ ಕೂತಿದ್ದಳು. ಪ್ರಶ್ನೆ ಕೇಳುವವಳು ಹೊಸದಾಗಿ ಸೇರಿದ್ದ ಸಂಶೋಧಕಿ, ಚುರುಕಿನ ಹುಡುಗಿ. ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದು ಕೇಳಿದಳು. ಅದು ಡಾಕ್ಟರ್ ತಾನೇ ವರ್ಷಗಳ ಹಿಂದೆ ಬರೆದಿಟ್ಟ ಪ್ರಶ್ನೆ, ಆದರೆ ಅಣ್ಣನನ್ನು ಕರೆತರುವಾಗ ಅವಳಿಗೆ ಅದರ ನೆನಪೇ ಆಗಿರಲಿಲ್ಲ.

“ಅಮ್ಮ, ನಾನು, ಪುಟ್ಟಿ,” ಅಂದ ಅಣ್ಣ. ಆಮೇಲೆ ಮೂಲೆಯ ಕುರ್ಚಿಯತ್ತ ಬೆರಳು ತೋರಿಸಿದ. “ಪುಟ್ಟಿ ಅಲ್ಲಿದಾಳೆ.”

ಹುಡುಗಿ ಡಾಕ್ಟರ್ ಮುಖ ನೋಡಿ ಸಣ್ಣಗೆ ನಕ್ಕಳು. ಪಾಪ, ನಿಮ್ಮನ್ನ ಯಾರೋ ಅಂದ್ಕೊಂಡಿದಾರೆ ಅನ್ನುವ ನಗು. ಹೌದು, ನಾನೇ ಅನ್ನಲು ಒಂದು ಉಸಿರು ಸಾಕಿತ್ತು. ಡಾಕ್ಟರ್ ದನಿ ಸರಿ ಮಾಡಿಕೊಂಡಳು.

“ನನ್ನನ್ನ ಡಾಕ್ಟರ್ ಅಂತ ಕರೀಬೇಕು. ನೀವು ಈಗ ಇವರು ಕೇಳಿದ್ದಕ್ಕೆ ಉತ್ತರ ಹೇಳಿ.”

ಅಣ್ಣ ಕೂತಲ್ಲೇ ತಿರುಗಿ ಬಾಗಿಲ ಕಡೆ ನೋಡಿದ. ಬಗ್ಗಿ ಮೇಜಿನ ಕೆಳಗೂ ನೋಡಿದ.

“ಅಮ್ಮ ಎಲ್ಲಿ?” ಎಂದು ಕೇಳಿದ.

ಅವಳಿಗೆ ತಕ್ಷಣ ಅರ್ಥವಾಯಿತು, ಅವಳೊಬ್ಬಳಿಗೇ ಅರ್ಥವಾಯಿತು. ಬೇರೆಯವರು ‘ನೀವು’ ಅಂದರೆ ಅದು ಮರ್ಯಾದೆ ಎಂದು ಅಣ್ಣನಿಗೆ ಚೆನ್ನಾಗಿ ಗೊತ್ತು. ಆದರೆ ಪುಟ್ಟಿ ಅವನಿಗೆ ಹುಟ್ಟಿದಾಗಿನಿಂದ ‘ನೀನು’ ಅಂದವಳು. ಅವಳ ಬಾಯಲ್ಲಿ ‘ನೀವು’ ಬರುವುದು ಅವನೂ ಅಮ್ಮನೂ ಒಟ್ಟಿಗೆ ಕೂತಿದ್ದಾಗ ಮಾತ್ರ: ನೀವು ಊಟ ಮಾಡಿ, ನೀವು ಮಲಗಿ. ಪುಟ್ಟಿ ‘ನೀವು’ ಅಂದಳು ಎಂದರೆ ಅಮ್ಮ ಇಲ್ಲೇ ಎಲ್ಲೋ ಇರಬೇಕು. ಲೆಕ್ಕ ಸರಿಯಾಗೇ ಇತ್ತು.

ಹುಡುಗಿ ಸರಸರ ಬರೆದುಕೊಂಡು ಅಂಕ ಹಾಕಿದಳು. ಆಮೇಲೆ ಹೊರಗೆ ಬಂದು ಉತ್ಸಾಹದಿಂದ ವಿವರಿಸಿದಳು: ಸರ್ವನಾಮದ ಗೊಂದಲ ಸ್ಪಷ್ಟ, ಅಪರಿಚಿತರನ್ನು ಮನೆಯವರು ಅಂದುಕೊಳ್ಳುತ್ತಾರೆ, ಇಷ್ಟು ಒಳ್ಳೆಯ ಉದಾಹರಣೆ ತಾನು ನೋಡೇ ಇಲ್ಲ. ಡಾಕ್ಟರ್ ಹೂಂಗುಟ್ಟಿದಳು. ಮಾರನೆಯ ದಿನ ತಂಡದ ಸಭೆಯಲ್ಲಿ ಆ ತುಣುಕನ್ನು ದೊಡ್ಡ ಪರದೆಗೆ ಹಾಕಿದರು. ಅಣ್ಣ ಮೇಜಿನ ಕೆಳಗೆ ಬಗ್ಗಿ ಅಮ್ಮನನ್ನು ಹುಡುಕಿದಾಗ ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಮಗುವನ್ನು ನೋಡಿ ನಗುವ ಹಾಗೆ. ಅವಳೂ ನಕ್ಕಳು. ನಕ್ಕ ತನ್ನ ಸದ್ದು ಕಿವಿಗೆ ಬಿದ್ದಾಗ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿಗೆ ಬೇರೆ ಕೆಲಸ ಇತ್ತು, ಸಭೆ ಮುಂದುವರಿಯಿತು.

ಹಿಂದಿನ ರಾತ್ರಿ ಅವಳು ಮನೆ ಸೇರುವಷ್ಟರಲ್ಲಿ ಅಣ್ಣ ಮಲಗಿದ್ದ. ಈ ಸಂಜೆ ಹೋದರೆ ಬಾಗಿಲು ತೆಗೆದವನು ಅವನೇ.

“ಡಾಕ್ಟರ್, ಬಂದ್ರಾ? ನೀವು ಚಪ್ಪಲಿ ಹೊರಗೆ ಬಿಡಿ.”

ಒಳಗಿಂದ ಅಮ್ಮ ಬಿದ್ದು ಬಿದ್ದು ನಕ್ಕಳು. ನಿನ್ನೆಯಿಂದ ಇದೇ ಕತೆ ಕಣೇ, ನಿನ್ನ ಆಫೀಸಿಗೆ ಬಂದು ಮರ್ಯಾದೆ ಕಲಿತುಬಿಟ್ಟಿದಾನೆ ಎಂದಳು. ಅಣ್ಣನ ಮುಖದಲ್ಲಿ ಕೋಪವಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಹಾಗೇನಾದರೂ ಇದ್ದಿದ್ದರೆ ಜಗಳವಾಡಿ, ಅತ್ತು, ಮುಗಿಸಬಹುದಿತ್ತು. ಅವಳು ಹೇಳಿದ್ದಳು, ಅವನು ಕಲಿತಿದ್ದ. ಅವನ ತಲೆಯಲ್ಲಿ ಒಮ್ಮೆ ಕೂತ ನಿಯಮ ಸುಲಭಕ್ಕೆ ಏಳುವಂಥದಲ್ಲ. ಅವಳು ಕೈಕಾಲು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಳು.

ಬೆಳಿಗ್ಗೆ ತಂಡವನ್ನು ಕೂರಿಸಿ ಆ ತುಣುಕನ್ನು ಮತ್ತೆ ಹಾಕಿಸಿದಳು. ಡಾಕ್ಟರ್ ಮತ್ತೇನೋ ಕಂಡುಹಿಡಿದಿದ್ದಾರೆ ಎಂದು ಹುಡುಗಿ ಪೆನ್ನು ಹಿಡಿದು ಕೂತಿದ್ದಳು.

“ಇದರಲ್ಲಿ ತಪ್ಪು ಮಾತಾಡಿದ್ದು ಒಬ್ಬರೇ,” ಅಂದಳು ಡಾಕ್ಟರ್. “ಅದು ನಾನು. ಅವನು ನನ್ನ ಸ್ವಂತ ಅಣ್ಣ. ನಾನೇ ಪುಟ್ಟಿ. ಈ ಅಂಕ ತೆಗೆದುಹಾಕಿ.”

ನಿನ್ನೆ ನಕ್ಕವರೆಲ್ಲ ಮೇಜು ನೋಡುತ್ತಿದ್ದರು. ಹುಡುಗಿಯ ಕಿವಿ ಕೆಂಪಾಗಿತ್ತು. ಅವಳಿಗೆ ನಾಚಿಕೆಯಾಗಬೇಕಾದ ಕಾರಣವೇ ಇರಲಿಲ್ಲ. ಎದೆಯ ಭಾರ ಇಳಿದೀತು ಎಂದುಕೊಂಡಿದ್ದಳು ಡಾಕ್ಟರ್, ಇಳಿಯಲಿಲ್ಲ. ಇಷ್ಟು ಹಗುರವಾದ ಮಾತನ್ನು ಇಷ್ಟು ವರ್ಷ ಹೊತ್ತು ತಿರುಗಿದೆನಲ್ಲ ಎನ್ನುವುದೇ ಇನ್ನೊಂದು ಭಾರವಾಯಿತು.

ಅಣ್ಣನ ಸ್ಕ್ಯಾನಿನ ದಿನ ಅವಳೇ ಅವನ ಕೈ ಹಿಡಿದು ಕರೆತಂದಳು. ಎದುರಾದವರಿಗೆಲ್ಲ ಇವನು ನನ್ನ ಅಣ್ಣ ಎಂದಳು, ಕೇಳದವರಿಗೂ ಹೇಳಿದಳು. ಅಣ್ಣ ಜೇಬು ಖಾಲಿ ಮಾಡಿ, ಬೆಲ್ಟು ಬಿಚ್ಚಿಟ್ಟು, ಹಲಗೆಯ ಮೇಲೆ ಮಲಗಿ ಯಂತ್ರದೊಳಗೆ ಹೋದ. ಗಾಜಿನ ಈಚೆ ಆಪರೇಟರ್ ಮೈಕು ಹಿಡಿದಿದ್ದ. ಅವಳು ಅದನ್ನು ಕೇಳಿ ಪಡೆದಳು. ಹಿಂದೆ ಹುಡುಗಿಯೂ ತಂಡದ ಇನ್ನಿಬ್ಬರೂ ನಿಂತಿದ್ದರು. ನಿಂತಿರಲಿ, ಕೇಳಲಿ.

“ಅಣ್ಣಾ, ನಾನು ಪುಟ್ಟಿ. ಸದ್ದು ಶುರುವಾಗುತ್ತೆ. ನೀನು ಅಲ್ಲಾಡಬೇಡ.”

ಸ್ಪೀಕರಿನಲ್ಲಿ ಅವನ ದನಿ ಬಂತು.

“ಆಗಲಿ, ಡಾಕ್ಟರ್,” ಅಂದ ಅಣ್ಣ. “ನೀವು ಹೇಳಿದ ಹಾಗೆ.”

ಯಂತ್ರ ದಡಬಡ ಶುರುವಾಯಿತು. ಅವನು ಒಂದಿಷ್ಟೂ ಅಲ್ಲಾಡಲಿಲ್ಲ. ಪರದೆಯ ಮೇಲೆ ಅವನ ಮಿದುಳಿನ ಚಿತ್ರ ಒಂದೊಂದೇ ಪದರವಾಗಿ ಮೂಡಿತು. ಇಷ್ಟು ಸ್ವಚ್ಛವಾದ ಚಿತ್ರ ಈ ವರ್ಷ ಬಂದೇ ಇಲ್ಲ ಎಂದ ಆಪರೇಟರ್. ಅವಳು ಮೈಕನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.