ಕೈಗುಣದ ಗೆರೆ

ಇಂಗಾಲದ ಹೊಸ ಅಣುವಿನ ಗೆರೆ ಪಿಎಚ್‌ಡಿ ಗೈಡು ಮಹಾಶಯರು ಲ್ಯಾಬಿಗೆ ಬಂದ ದಿನ ಮಾತ್ರ ದರ್ಶನ ಕೊಡುತ್ತಿತ್ತು. ಶಿಷ್ಯೆ ಒಬ್ಬಳೇ ದುಡಿದ ದಿನ ಯಂತ್ರದ ಪರದೆ ಬಟಾಬಯಲು.

"ಕೈಗುಣ ಅಂದ್ರೆ ಇದು," ಎಂದು ಗೈಡು ಬೀಗುತ್ತಿದ್ದರು.

ಕೆಲಸವೇನೋ ಸರಳ. ಇಂಗಾಲದ ತುಂಡನ್ನು ಪುಟ್ಟ ಕುಲುಮೆಯಲ್ಲಿ ಕಾಯಿಸಿ, ಆವಿಯನ್ನು ಕೊರೆಯುವಷ್ಟು ತಣ್ಣಗಿನ ಹರಳಿನ ಮೇಲೆ ಕೂರಿಸಿ, ಅತಿಗೆಂಪು ಬೆಳಕು ಹಾಯಿಸಬೇಕು. ಯಾವ ಅಣು ಯಾವ ಬೆಳಕು ನುಂಗಿತೆಂದು ಗೆರೆಗಳು ಚಾಡಿ ಹೇಳುತ್ತವೆ. ಯಾರೂ ಕಾಣದ ಗೆರೆ ಸಿಕ್ಕರೆ ಅವಳು ಡಾಕ್ಟರ್. ಸಿಗದಿದ್ದರೆ ಇಷ್ಟು ವರ್ಷದ ದುಡಿತ ನೀರಿನಲ್ಲಿಟ್ಟ ಹೋಮ, ಜೊತೆಗೆ "ಇನ್ನೂ ಓದ್ತಾನೇ ಇದ್ದೀಯಾ?" ಎನ್ನುವ ಚಿಕ್ಕಮ್ಮ.

ಗೈಡರಿಗೊಂದು ಚಟವಿತ್ತು. ಯಂತ್ರದ ಕೀಲುಗಳಿಂದ ಗಾಳಿ ನುಸುಳಬಾರದೆಂದು ತಾವೇ ಗ್ರೀಸು ಬಳಿಯುವುದು. ಅವಳು ಉಗುರಿನ ತುದಿಯಷ್ಟು ಹಚ್ಚುವಲ್ಲಿ ಅವರು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರುತ್ತಿದ್ದರು. ಕುಲುಮೆ ಕಾದಾಗ ಆ ಗ್ರೀಸೂ ಆವಿಯಾಗಿ ಹರಳಿನ ಮೇಲೆ ಕೂರುತ್ತಿದೆಯೇ, ಗೆರೆ ಅದರದೇ ಏನೋ ಎಂಬ ಅನುಮಾನ ಅವಳಿಗೆ ಕಳೆದ ವಾರವೇ ಹೊಕ್ಕಿತ್ತು. ಹೊಕ್ಕಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಬೇಕಾದ್ದು ಸಿಕ್ಕಿರುವಾಗ ಕೆದಕುವ ಉಸಾಬರಿ ಯಾರಿಗೆ ಬೇಕು!

ಆದರೆ ಈವತ್ತು ಆ ಗೆರೆಯ ಲೇಖನ ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು, ಮೇಲೆ ಅವಳ ಹೆಸರೇ ಮೊದಲು.

"ಸಾರ್, ಕೊನೇ ಸಲ ಒಂದು ಓಡಿಸಿಬಿಡೋಣ. ಗ್ರೀಸು ನೀವೇ ಹಚ್ಚಿ."

ಗೈಡು ತೋಳು ಮಡಚಿ ಧಾರಾಳವಾಗಿ ಬಳಿದರು. ಕುಲುಮೆ ಕೆಂಪಾಯಿತು. ಪರದೆಯ ಮೇಲೆ ಗೆರೆ ಎದೆ ಸೆಟೆಸಿ ನಿಂತಿತು.

"ನೋಡ್ದಾ? ಬಂದೇ ಬಂತು!"

"ಸಾರ್, ಕುಲುಮೇಲಿ ಇಂಗಾಲ ಇಲ್ಲ." ಅವಳು ಅಂಗೈ ಬಿಚ್ಚಿದಳು. ಕಪ್ಪು ತುಂಡು ಅಲ್ಲೇ ಇತ್ತು.

ಗೈಡು ತುಂಡನ್ನು ನೋಡಿದರು, ಪರದೆಯನ್ನು ನೋಡಿದರು, ಜಿಡ್ಡಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಮುಖ ಸುಟ್ಟ ಬದನೆಕಾಯಿಯಾಯಿತು.

"ಈ ಅನುಮಾನ ಯಾವಾಗಿಂದ?"

"ಹೋದ ವಾರದಿಂದ."

"ಮತ್ತೆ ಬಾಯಿ ಬಿಡಕ್ಕೇನಾಗಿತ್ತು?"

ಹೆದರಿಕೆ ಎಂದು ಸುಳ್ಳು ಹೇಳಬಹುದಿತ್ತು. ಅವರು ನಂಬುತ್ತಿದ್ದರು ಕೂಡ.

"ನನಗೂ ಆ ಗೆರೆ ಬೇಕಿತ್ತು ಸಾರ್," ಎಂದಳು. ಕಣ್ಣು ತುಂಬಿಬಂತು, ಅದರ ಮೇಲೆ ಸಿಟ್ಟೂ ಬಂತು.

ಗೈಡು ಹತ್ತಿಯ ಉಂಡೆಯನ್ನು ಎರಡು ಮಾಡಿ ಒಂದನ್ನು ಅವಳ ಕೈಗಿಟ್ಟರು.

"ನಂಗೂ ಬೇಕಿತ್ತು ಕಣಮ್ಮಾ. ಮೇಲಿನ ಕೀಲು ನೀನು ಒರೆಸು, ಕೆಳಗಿಂದು ನಾನು ಒರೆಸ್ತೀನಿ."