ಇನ್ನೂರು ಅಲ್ಪವಿರಾಮಗಳು

"ಇದರಲ್ಲಿ ಅವಳು ಅತ್ತುಕೊಂಡು ಹೋದ ಹಾಗೆ ಉಂಟಲ್ಲ ಅಕ್ಕ," ಎಂದು ಮೇದಪ್ಪ ಕಾರ್ಡನ್ನು ಮೇಜಿನ ಮೇಲಿಟ್ಟರು.

ಸುಳ್ಯ ಪೇಟೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಸತ್ಯವತಿ ಕನ್ನಡಕ ಸರಿಮಾಡಿಕೊಂಡು ಓದಿದಳು. ಅವರ ಹೆಂಡತಿಯ ಉತ್ತರಕ್ರಿಯೆಯ ಕಾರ್ಡು. ಕೊನೆಯ ಸಾಲು: 'ಅಳುತ್ತಾ ನಮ್ಮನ್ನು ಬಿಟ್ಟು ಹೋದ ದೇವಮ್ಮನನ್ನು ನೆನೆಯುವ ಮೇದಪ್ಪ ಮತ್ತು ಮಕ್ಕಳು.'

"ನೀವು ಬರೆದುಕೊಟ್ಟದ್ದೇ ಅಲ್ವಾ ಮೇದಪ್ಪಣ್ಣ?"

ಅವರು ಜೇಬಿನಿಂದ ಮಡಚಿದ ಹಾಳೆ ತೆಗೆದರು. 'ಅಳುತ್ತಾ' ಎಂಬುದರ ಪಕ್ಕ ದಪ್ಪಗೆ ಒಂದು ಅಲ್ಪವಿರಾಮವಿತ್ತು. ಸಾಲು ಕಾರ್ಡಿನ ಅಗಲಕ್ಕೆ ಹಿಡಿಸುವುದಿಲ್ಲವೆಂದು ಅದನ್ನು ತಾನೇ ಅಳಿಸಿದ್ದು ಸತ್ಯವತಿಗೆ ನೆನಪಾಯಿತು. ಇಪ್ಪತ್ತು ವರ್ಷದಲ್ಲಿ ಅಲ್ಪವಿರಾಮ ಹೋಯಿತೆಂದು ಯಾರೂ ಬಂದು ಕೇಳಿದ್ದಿರಲಿಲ್ಲ.

"ಅಳುದು ನಾವು," ಅವರು ಮೆಲ್ಲಗೆ ಹೇಳಿದರು. "ಅವಳು ನಗಾಡಿಕೊಂಡೇ ಹೋದ್ದು. ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಸಹ, ಒಲೆಯಲ್ಲಿ ಅನ್ನ ಉಂಟು, ನಿಮ್ಮನ್ನು ನಂಬಿದರೆ ಅಡಿ ಹಿಡೀತದೆ ಅಂತ ತಮಾಷೆ ಮಾಡಿದ್ಲು. ಅವಳ ಅಣ್ಣಂದಿರಿಗೆ ಮದುವೆಯ ಕಾಲದಿಂದಲೇ ನಾನು ಆಗುದಿಲ್ಲ. ಇದನ್ನು ಓದಿದ್ರೆ, ತಂಗಿಯನ್ನು ಇವ ಅಳಿಸಿಯೇ ಕಳಿಸಿದ ಅಂತ ಗ್ರಹಿಸ್ತಾರೆ."

ಸತ್ಯವತಿಗೆ ಮುಖ ಎತ್ತಲಾಗಲಿಲ್ಲ. "ತಪ್ಪು ನನ್ನದೇ. ಮೆಷಿನ್ ರಿಪೇರಿಗೆ ಬಿಚ್ಚಿಟ್ಟಿದ್ದಾರೆ. ನಾಳೆ ಬೇರೆ ಮಾಡಿ ಕೊಡ್ತೇನೆ."

"ನಾಳೆಗೆ ಆಗುದಿಲ್ಲ ಮಾರಾಯ್ತಿ. ಸಂಜೆಯೇ ಅರಂತೋಡಿನಿಂದ ಹಂಚಲಿಕ್ಕೆ ಶುರು ಮಾಡ್ಬೇಕು."

ಅವಳು ಡ್ರಾಯರಿನಿಂದ ಎರಡು ಕಪ್ಪು ಪೆನ್ನು ತೆಗೆದಳು. ಅವರು ವಾಪಸು ತಂದಿದ್ದ ಇನ್ನೂರು ಕಾರ್ಡನ್ನು ಎರಡು ಪಾಲು ಮಾಡಿ ಇಬ್ಬರೂ ಎದುರುಬದುರು ಕೂತರು. ಮೇದಪ್ಪರ ಮೊದಲ ಗುರುತು ಹುಣಸೆಬೀಜದಷ್ಟಿತ್ತು.

"ಸಣ್ಣದು ಸಾಕು ಅಣ್ಣ."

"ಅವಳ ದೊಡ್ಡಣ್ಣನಿಗೆ ಕಣ್ಣು ಸ್ವಲ್ಪ ಮಂಜು," ಎಂದರು ಅವರು. ಸತ್ಯವತಿಗೆ ನಗು ಬಂತು, ಅವರಿಗೂ.

ಗುರುತು ಹಾಕಿದ ಮೇಲೆ ಅವರು ಪ್ರತಿ ಸಲ ಸಾಲನ್ನು ಮೊದಲಿನಿಂದ ಓದುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. 'ಅಳುತ್ತಾ' ಎಂಬಲ್ಲಿ ಒಂದು ಕ್ಷಣ ನಿಂತು, ದೇವಮ್ಮನ ಹೆಸರಿಗೆ ಬರುವಾಗ ಮುಖ ಸಡಿಲವಾಗುತ್ತಿತ್ತು. ಸತ್ಯವತಿಯ ಪಾಲು ಮುಗಿಯುತ್ತ ಬಂದರೂ ಅವರದು ಅರ್ಧವೂ ಆಗಿರಲಿಲ್ಲ. ಅವರ ರಾಶಿಗೆ ಕೈ ಹಾಕಲು ಹೊರಟವಳು ಸುಮ್ಮನಾದಳು. ತನ್ನ ಕೈಯನ್ನೂ ನಿಧಾನ ಮಾಡಿದಳು.

ಮೂರು ಗಂಟೆಗೆ ಕಾರ್ಡುಗಳ ಕಟ್ಟನ್ನು ಎದೆಗವಚಿಕೊಂಡು ಹೊರಟ ಮೇದಪ್ಪ, ಒಂದನ್ನು ಅವಳ ಕೈಗಿತ್ತರು. "ಊಟಕ್ಕೆ ಬರ್ಬೇಕು."

ಅವಳು ಬಾಗಿಲಿಗೆ ಬಂದು ನೋಡಿದಳು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದ ಅವರು ಮೇಲಿನ ಕಾರ್ಡನ್ನು ಮುಖದ ಹತ್ತಿರ ತಂದು, ಶಾಯಿ ಒಣಗಲೆಂದು ಮೆಲ್ಲಗೆ ಊದುತ್ತಿದ್ದರು.