ವಸ್ತಾದರ ಹೆಗಲು

ರೈಲ್ವೆ ಟೀಮಿನ ರಾಯಪ್ಪ ಮುಂಬೈಯಲ್ಲಿ ಹಾಕಿ ಆಟದ ಕಪ್ ಗೆದ್ದ ಸುದ್ದಿ ಬಂದಾಗ ಅವನ ಊರು ತಿಕೋಟಾದಲ್ಲಿ ಹಾಕಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಆದರೆ ಗೆಲುವು ಗೊತ್ತಿತ್ತು. ಕುಸ್ತಿ ಗೆದ್ದವನಿಗೆ ಮಾಡುವುದನ್ನೇ ಮಾಡಿದರಾಯಿತು ಅಂತ ಹಲಗಿ, ಗುಲಾಲು, ಜರಿ ರುಮಾಲು ಹಿಡಿದು ಊರಿಗೆ ಊರೇ ಬಸ್ಸಿನ ದಾರಿ ಕಾಯುತ್ತ ನಿಂತಿತು. ನೆರೆಯ ಬಬಲೇಶ್ವರ, ಹೊನವಾಡದವರೂ ‘ನಮ್ಮ ಹುಡುಗ’ ಅಂತ ಬಂದಿದ್ದರು. ಗೆದ್ದವನಿಗೆ ನೆಂಟರಿಗೇನು ಬರ!

ರಾಯಪ್ಪ ಇಳಿದದ್ದು ಬಗಲಲ್ಲಿ ಬಡಿಗೆ ಊರಿಕೊಂಡು. ಫೈನಲ್ಲಿನಲ್ಲಿ ಬಲಗಾಲಿನ ಎಲುಬು ಬಿರುಕು ಬಿಟ್ಟಿತ್ತು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಅದನ್ನು ಬಿಚ್ಚುವವರೆಗೆ ಕಾಲು ಅಲುಗಾಡಬಾರದು. ಬಿಚ್ಚಿದ ಮೇಲೆ ದಿಲ್ಲಿಗೆ ಹೋಗಬೇಕು, ದೇಶದ ಟೀಮಿಗೆ ಆರಿಸುವವರು ಕರೆದಿದ್ದರು. ಇದನ್ನೆಲ್ಲ ಅವನು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಹೇಳಿದ. ಜನ ಕಿವಿಗೆ ಹಾಕಿಕೊಂಡದ್ದು ದಿಲ್ಲಿ ಒಂದನ್ನೇ. “ಎದುರಿನಾಂವನ್ನ ಎಷ್ಟೊತ್ತಿಗೆ ಚಿತ್ ಮಾಡಿದಿಪಾ?” ಅಂತ ಒಬ್ಬ ಕೇಳಿದ.

ಅಷ್ಟರಲ್ಲಿ ಗುಂಪು ಸರಿದು ಕುಸ್ತಿ ಕಲಿಸುವ ಈರಯ್ಯ ವಸ್ತಾದರಿಗೆ ದಾರಿ ಕೊಟ್ಟಿತು. ರಾಯಪ್ಪನನ್ನು ಚಿಕ್ಕಂದಿನಿಂದ ಗರಡಿಯಲ್ಲಿ ಬೆಳೆಸಿ, ಅವನು ಕುಸ್ತಿ ಬಿಟ್ಟು ಹಾಕಿ ಕೋಲು ಹಿಡಿದಾಗಿನಿಂದ ಮುಖ ತಿರುಗಿಸಿದ್ದ ಮನುಷ್ಯ. ಊರಿಗೆ ಬಂದಾಗಲೆಲ್ಲ ರಾಯಪ್ಪ ಗರಡಿಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಒಳಗೆ ಬಾ ಎನ್ನಲು ವಸ್ತಾದರಿಗೆ ಬಾಯಿ ಬರುತ್ತಿರಲಿಲ್ಲ. ಈಗ ಅವರ ಕಣ್ಣು ತುಂಬಿದ್ದವು. ಪ್ಲಾಸ್ಟರ್ ನೋಡಿ ನಕ್ಕರು.

“ಇದೇನೋ ಸುಣ್ಣಾ ಮೆತ್ಯಾರ! ಗೆದ್ದ ಪೈಲವಾನ ಕಾಲಿಗೆ ಗ್ವಾಡಿ ಕಟ್ಟಿಕೊಂಡು ಮೆರವಣಿಗಿ ಹೋಗ್ತಾನೇನು? ಗರಡ್ಯಾಗ ಬಾ, ತಿಕ್ಕಿ ಕಟ್ಟತೇನಿ.”

ಉಳುಕು ತೆಗೆಯುವುದರಲ್ಲಿ, ಎಲುಬು ಕಟ್ಟುವುದರಲ್ಲಿ ಅವರದು ಎತ್ತಿದ ಕೈ. ಯಾರೂ ಬೇಡ ಎನ್ನಲಿಲ್ಲ. ರಾಯಪ್ಪನ ತಾಯಿ ಸಕ್ರವ್ವ ಮಾತ್ರ ಆರತಿ ತಟ್ಟೆ ಹಿಡಿದುಕೊಂಡೇ ಅಡ್ಡ ಬಂದಳು. “ಡಾಕ್ಟರ್ ಕಟ್ಟಿದ್ದು ಬಿಚ್ಚಬ್ಯಾಡ್ರಿ ಯಪ್ಪಾ.”

“ಇಂವನ ಎಲುಬು ನನ್ನ ಕೈಯಾಗ ಬೆಳದಾವ ಬೇ,” ಅಂದರು ವಸ್ತಾದರು.

ಎಲ್ಲರೂ ರಾಯಪ್ಪನ ಮುಖ ನೋಡಿದರು. ಅವನು ಬಾಯಿ ತೆರೆದ, ಮುಚ್ಚಿದ. ಆಮೇಲೆ ಅವರ ಹಿಂದೆ ಕುಂಟುತ್ತ ಹೋದ.

ಗರಡಿಯ ಕೆಂಪು ಮಣ್ಣಿನ ಮೇಲೆ ಪ್ಲಾಸ್ಟರ್ ಒಡೆದರು. ವಸ್ತಾದರು ಎಣ್ಣೆ ಹಚ್ಚಿ ತಿಕ್ಕಿ, ಬಿದಿರ ದಬ್ಬೆ ಇಟ್ಟು ಬಿಗಿದರು. ಗೆದ್ದ ಶಿಷ್ಯನನ್ನು ಗುರುವೇ ಹೊರುವುದು ಆ ಗರಡಿಯ ಪದ್ಧತಿ. ಆ ಮುದಿವಯಸ್ಸಿನಲ್ಲೂ ವಸ್ತಾದರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರ ಅಗಸಿ ಬಾಗಿಲವರೆಗೂ ಕುಣಿದರು. ರಾಯಪ್ಪ ನೋವಿಗೆ ಹಲ್ಲು ಕಚ್ಚಿದ್ದ. ನಗುತ್ತಿದ್ದಾನೆ ಅಂದುಕೊಂಡು ಜನ ಇನ್ನಷ್ಟು ಗುಲಾಲು ಎರಚಿದರು.

ಎಲುಬು ಸೊಟ್ಟಗೆ ಕೂಡಿತು. ದಿಲ್ಲಿಗೆ ಬೇರೆ ಯಾರೋ ಹೋದರು. ರಾಯಪ್ಪನನ್ನು ವಿಜಾಪುರ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡಲು ಕೂರಿಸಿದರು. ವಸ್ತಾದರಿಗೆ ಊರಿನವರು ಒಂದು ಮಾತೂ ಅನ್ನಲಿಲ್ಲ. ಯಾವ ಬಾಯಿಂದ ಅಂದಾರು, ಹಲಗಿ ಬಡಿದವರು ಅವರೇ ಅಲ್ಲವೇ? ವಸ್ತಾದರು ಮಾತ್ರ ಮತ್ತೆ ಯಾರ ಎಲುಬೂ ಮುಟ್ಟಲಿಲ್ಲ. ಕೈ ಮುರಿದುಕೊಂಡು ಬಂದವರಿಗೆಲ್ಲ “ದವಾಖಾನಿಗೆ ಹೋಗ್ರಿ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರೇ ಸ್ಟೇಷನ್ನಿಗೆ ಬಂದರು. ರಾಯಪ್ಪ ಕುಂಟುತ್ತ ಹೊರಗೆ ಬಂದು, ಗೋಡೆ ಹಿಡಿದು ಕಾಲಿಗೆ ಬೀಳಲು ಬಗ್ಗಿದ. ವಸ್ತಾದರು ತಡೆದು ಅವನ ರಟ್ಟೆ ಹಿಡಿದುಕೊಂಡರು.

“ಅವತ್ತ ಒಂದ ಸಲ ಒಲ್ಲೆ ಅನ್ನಬಾರದಾಗಿತ್ತೇನೋ?”

“ಬಾಯಿಗೆ ಬಂದಿತ್ತರಿ,” ಅಂದ ರಾಯಪ್ಪ. “ಆದ್ರ ಅಷ್ಟ ವರ್ಷದ ಮ್ಯಾಲ ನೀವು ಗರಡ್ಯಾಗ ಬಾ ಅಂದಿದ್ರಿ.”